ಬುಡವಿಲ್ಲದ ಮೊಳೆಗಳು

2021ರ ಜೂನ್ 14, ಸೋಮವಾರ, ಬೆಳಿಗ್ಗೆ 9.20. ಫ್ಲೋರಿಡಾ ಕರಾವಳಿಯ ಶೆರಿಫ್ ಠಾಣೆಯ ಮೇಜಿನ ಮೇಲೆ ಆರ್ಡಿತ್ ಸೋವೆಲ್ ಹದಿನಾಲ್ಕು ಮೊಳೆತಲೆಗಳನ್ನು ಸುರಿದರು. ಒಂದಕ್ಕೂ ಬುಡವಿರಲಿಲ್ಲ.

"ಎಸಿ ರಿಪೇರಿಯವನು ಅಟ್ಟದಿಂದ ಆರಿಸ್ಕೊಂಡು ಬಂದ. ಶುಕ್ರವಾರ ಬಿರುಗಾಳಿಯಂತೆ. ನನ್ನ ಚಾವಣಿ ಯಾವ ಧೈರ್ಯದ ಮೇಲೆ ಕೂತಿದೆ, ಸಾಹೇಬ್ರೆ?"

ಎಪ್ಪತ್ತೊಂದರ ಆಕೆ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಉಳಿತಾಯವೆಲ್ಲ ಆ ಹೊಸ ಮನೆಯಲ್ಲಿತ್ತು. ಸಾರ್ಜೆಂಟ್ ವರ್ಲನ್ ಮೇಹ್ಯೂ ದೂರು ದಾಖಲಿಸಿ, ಡೆಪ್ಯುಟಿ ಇನೆಜ್ ಬಟೀಸ್ತಳೊಡನೆ ಅಟ್ಟ ಹತ್ತಿದ.

ಚಾವಣಿಯ ತೊಲೆಯನ್ನು ಗೋಡೆಗೆ ಬಿಗಿಯುವ ತಗಡಿನ ಪಟ್ಟಿಗೆ ಮೂರು ಮೊಳೆ ಇರಬೇಕು. ವಿಮೆಯ ರಿಯಾಯಿತಿ ನಿಂತಿರುವುದೂ ಅದರ ಮೇಲೆಯೇ. ಅಟ್ಟದ ಬಾಗಿಲ ಬಳಿಯ ಪಟ್ಟಿಗಳು ಭದ್ರವಾಗಿದ್ದವು. ವಿಮೆಯ ಪರೀಕ್ಷಕ ಮೊದಲ ಸಲ ಚಿತ್ರ ತೆಗೆದದ್ದು ಅಲ್ಲಿಂದ. ಮೇಹ್ಯೂ ಮೂಲೆಯವರೆಗೆ ತೆವಳಿದ. ಅಲ್ಲಿ ಪಟ್ಟಿಗೊಂದೇ ನಿಜವಾದ ಮೊಳೆ. ಉಳಿದೆರಡು ಬೆರಳು ತಾಗುತ್ತಲೇ ಕಳಚಿ ಬಂದವು. ಬರೀ ತಲೆಗಳನ್ನು ಹಿಡಿದಿಟ್ಟಿದ್ದ ಅಂಟು ಬೇಸಿಗೆಯ ಕಾವಿಗೆ ಕರಗಿತ್ತು.

"ಸೋಮಾರಿ ನನ್ಮಗ," ಎಂದಳು ಇನೆಜ್.

"ಸೋಮಾರಿ ಒಂದೊಂದೇ ತಲೆ ಕತ್ತರಿಸ್ತಾ ಕೂರ್ತಾನಾ? ಬಡಿಯೋದಕ್ಕಿಂತ ಇದೇ ಹೆಚ್ಚಿನ ಕೆಲಸ."

ಆ ಲೆಕ್ಕ ಮೇಹ್ಯೂವಿಗೆ ಹೊಂದಲಿಲ್ಲ. ಸಂಜೆಯೊಳಗೆ ಬೀದಿಯ ಉಳಿದ ಹತ್ತು ಮನೆಗಳನ್ನೂ ನೋಡಿದ. ಎಲ್ಲೆಡೆಯೂ ಅದೇ ಅಂಟು. ಸೋವೆಲ್ ಅವರಲ್ಲಿಗೆ ಮರಳಿದ.

"ನೀವು ಬಂದಮೇಲೆ ಅಟ್ಟ ಹತ್ತಿದವರು ಯಾರು?"

"ಈ ಬೀದಿ ಮನೆಗಳನ್ನೆಲ್ಲ ಕಟ್ಟಿದ ಮೇಸ್ತ್ರಿ, ರಾಯ್ಸ್ ಹ್ಯಾಟನ್. ವಿಮೆಯವರು ಮೂಲೆ ಮೂಲೆ ನೋಡ್ತೀವಿ ಅಂತ ಎರಡನೇ ಸಲ ಬರೋಕೆ ಮುಂಚೆ. ಶಾಖ ತಡೆಯೋ ಹತ್ತಿ ನೋಡ್ತೀನಿ ಅಂದ."

"ಎಷ್ಟು ಹೊತ್ತಿದ್ದ?"

"ನನ್ನ ಎರಡು ಧಾರಾವಾಹಿ ಮುಗಿಯೋವರೆಗೆ."

"ಸದ್ದು?"

"ಇಲಿಯಷ್ಟೂ ಇಲ್ಲ. ಸತ್ತೇ ಹೋದ್ಯಾ ಮಾರಾಯ ಅಂತ ಕೂಗಿ ನೋಡ್ದೆ!"

ಮೇಹ್ಯೂ ತಲೆಯೆತ್ತಿ ಚಾವಣಿ ನೋಡಿದ. ಸುತ್ತಿಗೆಗೆ ಸದ್ದಿರುತ್ತದೆ, ಅಂಟಿಗಿಲ್ಲ.

ಜೂನ್ 16, ಬೆಳಿಗ್ಗೆ 7.10. ನ್ಯಾಯಾಲಯದ ವಾರಂಟಿನ ಮೇಲೆ ಹ್ಯಾಟನ್‌ನ ಪಿಕಪ್ ವಾಹನವನ್ನು ಶೋಧಿಸಲಾಯಿತು. ಇಬ್ಬರು ಸಾಕ್ಷಿಗಳ ಎದುರು ಸಿಕ್ಕ ವಸ್ತುಗಳ ಪಟ್ಟಿ ಮಾಡಲಾಯಿತು. ಆಸನದ ಕೆಳಗಿನ ಕಾಫಿ ಡಬ್ಬಿಯ ತುಂಬ ತಲೆಯಿಲ್ಲದ ಮೊಳೆಗಳು. ಹ್ಯಾಟನ್ ತಾನೇ ಬೇಡಿಗೆ ಕೈ ಮುಂದೊಡ್ಡಿದ.

"ಪಟ್ಟಿಗೆ ಬರೀ ಒಂದೊಂದು ಮೊಳೆ ಹೊಡೆದು ಯಾಕೆ ಬಿಟ್ಟೆ?" ಮೇಹ್ಯೂ ಕೇಳಿದ.

"ಮಿಕ್ಕಿದ್ದು ಮಾರನೇ ದಿನ ಹೊಡೆಯೋದು ಅಂತಿತ್ತು. ಒಳಚಾವಣಿ ಹಲಗೆಯವರು ಒಂದು ದಿನ ಮುಂಚೆ ಬಂದು ಮುಚ್ಚಿಬಿಟ್ರು."

"ಆಮೇಲೆ?"

"ಆಮೇಲೆ ಜನ ಬಂದು ಸೇರ್ಕೊಂಡ್ರು."

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಸೋವೆಲ್ ಠಾಣೆಯ ಪಡಸಾಲೆಯಲ್ಲಿ ಅವನನ್ನು ತಡೆದರು.

"ಬಡಿದು ಹೋಗ್ಬಾರದಿತ್ತೇನೋ, ರಾಯ್ಸ್? ಸದ್ದಾಯ್ತು ಅಂತ ನಾನು ಬೈತಿದ್ನಾ?"

"ಬೈತಿರಲಿಲ್ಲ, ಅಮ್ಮಾ. 'ಹಾಗಾದ್ರೆ ಇಷ್ಟು ದಿನ ಮೊಳೆ ಇರ್ಲಿಲ್ವಾ?' ಅಂತ ಕೇಳ್ತಿದ್ರಿ."

ವಂಚನೆಯ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಅವನು ಹಣಕ್ಕಾಗಿ ಮಾಡಿರಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಕೆಲಸ ತಿದ್ದಲೆಂದು ಯಾರೂ ಅವನನ್ನು ಮರಳಿ ಕರೆದಿರಲಿಲ್ಲ. ಆ ಹೆಸರಿಗಾಗಿ ಹನ್ನೊಂದು ಕುಟುಂಬಗಳನ್ನು ಗಾಳಿಯ ಬಾಯಿಗೆ ಇಟ್ಟಿದ್ದ. ಗುರುವಾರವಿಡೀ ಕೂಲಿಗೆ ಕರೆಸಿದ ಬಡಗಿಗಳ ಸುತ್ತಿಗೆಯ ಸದ್ದು ಬೀದಿಯುದ್ದಕ್ಕೂ ಕೇಳಿತು. ಶುಕ್ರವಾರದ ಗಾಳಿಗೆ ಒಂದು ಚಾವಣಿಯೂ ಕದಲಲಿಲ್ಲ. ಬಡಗಿಗಳ ಕೂಲಿಯನ್ನು ಹ್ಯಾಟನ್ ತೆರಬೇಕೆಂದು ನ್ಯಾಯಾಲಯ ವಿಧಿಸಿತು. ಅದು ಇನ್ನೂ ಬಾಕಿಯಿದೆ.