ಕಾರ್ಡಿಲ್ಲದೆ ಬೆಳಗಿದ ಪರದೆ

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ ಭೂಮಿ ಒಳಗೆ ಇಣುಕಿದಳು. ಮೊಬೈಲಿನ ಟಾರ್ಚು ಹಾಕಿ ಮತ್ತೊಮ್ಮೆ ನೋಡಿದಳು.

"ಅಪ್ಪಾ, ಗ್ರಾಫಿಕ್ಸ್ ಕಾರ್ಡ್ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಇಟ್ಸ್ ಗಾನ್."

ನಂದಕುಮಾರ ಮಂಡಿಯೂರಿ ಕುಳಿತು ಒಳಗೆ ಕಣ್ಣಾಡಿಸಿದ. ವೈರುಗಳ ಗೋಜಲು, ಒಂದು ಸಣ್ಣ ಫ್ಯಾನು. ಇಟ್ಟಿಗೆಯಷ್ಟು ದಪ್ಪಗೆ ಕೂತಿರಬೇಕಾದ ಕಾರ್ಡಿನ ಜಾಗ ಖಾಲಿ.

ಶನಿವಾರದ ಬೆಳಗು. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಯುವಕೇಂದ್ರದ ಹಾಲಿನಲ್ಲಿ ಉದ್ದುದ್ದ ಮೇಜುಗಳು, ಅವುಗಳ ಮೇಲೆ ಸಾಲು ಕಂಪ್ಯೂಟರುಗಳು, ಹೆಡ್‌ಫೋನ್ ತೊಟ್ಟ ಹುಡುಗ ಹುಡುಗಿಯರು. ಊಟವಾದ ಮೇಲೆ ಪಂದ್ಯ. ಗೆದ್ದ ತಂಡಕ್ಕೆ ಯೋನ್‌ಶೋಪಿಂಗ್‌ನ ಅಂತಿಮ ಸುತ್ತಿಗೆ ಪ್ರವೇಶ. ಹದಿನೇಳರ ಭೂಮಿ ತನ್ನ ತಂಡದ ನಾಯಕಿ. ಅಭ್ಯಾಸದ ಆಟ ಶುರುವಾದೊಡನೆ ಅವಳ ಪರದೆ ತಡವರಿಸಿತ್ತು. ಓಡಬೇಕಾದ ಸೈನಿಕ ಕುಂಟುತ್ತಿದ್ದ, ಗುಂಡು ಹಾರಿ ಎಷ್ಟೋ ಹೊತ್ತಿಗೆ ಬೆಂಕಿ ಕಾಣುತ್ತಿತ್ತು. ಅದಕ್ಕೇ ತಗಡು ಬಿಚ್ಚಿದ್ದು.

"ಬಿಚ್ಚೋದು ಬೇಡ ಅಂದೆ ನಾನು," ಹಿಂದಿನಿಂದ ಪ್ರಜ್ಞೇಶ್ ಹೇಳಿದ. "ಕಡಿಮೆ ಬಜೆಟ್ಟಿನ ಮಷೀನು, ದೊಡ್ಡ ಮ್ಯಾಚಲ್ಲಿ ಹೀಗಾಗೋದೇ ಅಂದ್ಕೊಂಡೆ. ಆದ್ರೆ ಇದು... ಛೆ."

ಕಾರ್ಲ್‌ಸ್ಕ್ರೂನಾದ ಕನ್ನಡದ ಮನೆಗಳಲ್ಲಿ ಯಾರೇ ಕಂಪ್ಯೂಟರ್ ಕೊಳ್ಳಲಿ, ಮೊದಲು ಪ್ರಜ್ಞೇಶನನ್ನು ಕೇಳುತ್ತಿದ್ದರು. ನಂದಕುಮಾರ ಮಾತ್ರ ಕೇಳಿರಲಿಲ್ಲ.

ಮಗಳಿಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು, ಹೆಚ್ಚು ಖರ್ಚು ಮಾಡುವಂತಿಲ್ಲ ಎಂದಾಗ ಅವನಿಗೇ ಹುರುಪು ಬಂದುಬಿಟ್ಟಿತ್ತು. ಒಂದಿಡೀ ಚಳಿಗಾಲ ಅಪ್ಪ, ಮಗಳು ಸೋಫಾದ ಮೇಲೆ ಒತ್ತಿ ಕೂತು ಒಂದೊಂದು ಭಾಗವನ್ನೂ ಜಗಳವಾಡಿ ಆರಿಸಿದ್ದರು. ಆಟ ಚೆನ್ನಾಗಿ ಓಡಬೇಕಾದರೆ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ. ಪವರ್ ಸಪ್ಲೈಯಲ್ಲಿ ಚೌಕಾಸಿ ಇಲ್ಲ. ಮೆಮೊರಿ ಯಾರೋ ಬಳಸಿ ಬಿಟ್ಟದ್ದಾದರೂ ಸರಿ. ಬಣ್ಣದ ದೀಪ, ಗಾಜಿನ ಪೆಟ್ಟಿಗೆ ಬೇಡವೇ ಬೇಡ. ಕಪ್ಪು ತಗಡಿನ ಸಾದಾ ಕ್ಯಾಬಿನೆಟ್ ಸಾಕು. ಎಲ್ಲ ಬಂದು ಸೇರಿದ ಮೇಲೆ ಜೋಡಿಸಿಕೊಟ್ಟವನು ಕೆವಿನ್, ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಉಡುಪಿಯ ಹುಡುಗ. ಮೊದಲ ಸಲ ಆಟ ನೀರಿನಂತೆ ಹರಿದಾಗ ಮೂವರೂ ಕುಣಿದಿದ್ದರು.

ಈಗ ಆ ಯಂತ್ರದ ಹೃದಯವೇ ಇಲ್ಲ.

"ಕೊನೆಗೆ ಸರಿಯಾಗಿ ಆಡಿದ್ದು ಯಾವಾಗ?" ಎಂದು ಒಂದು ಹೆಣ್ಣುದನಿ ಕೇಳಿತು.

ವೆನಿಸಾ. ನಂದಕುಮಾರನ ಸಹೋದ್ಯೋಗಿ, ಮಂಗಳೂರಿನವಳು. ಟೆಲಿಕಾಂ ಕಚೇರಿಯಲ್ಲಿ ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಹುಡುಕುವುದೇ ಅವಳ ಕೆಲಸ. ಭೂಮಿಯ ಆಟ ನೋಡಲು ಬಂದವಳು ಕಾಫಿ ಲೋಟ ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡಳು.

"ಬುಧವಾರ, ಆಂಟಿ. ಆಗ ಸೂಪರ್ ಇತ್ತು," ಎಂದಳು ಭೂಮಿ.

"ಆಮೇಲೆ?"

"ಗುರುವಾರ ಕೆವಿನ್ ತಗೊಂಡು ಹೋದ. ಪಂದ್ಯಕ್ಕೆ ಮುಂಚೆ ಒಂದ್ಸಲ ಕ್ಲೀನ್ ಮಾಡಿ ಕೊಡ್ತೀನಿ ಅಂತ."

"ಅವನ ರೂಮಿಗೆ?"

"ಹ್ಞೂಂ."

"ಈಗ ಕೆವಿನ್ ಎಲ್ಲಿ?"

ನಂದಕುಮಾರ ಉತ್ತರಿಸಿದ. "ಹೆಲ್ಸಿಂಗ್‌ಬೋರ್ಯ್‌ನಲ್ಲಿ. ನಿನ್ನೆ ಕೆಲಸದ ಇಂಟರ್‌ವ್ಯೂ ಇತ್ತು. ಇವತ್ತು ಟ್ರೈನಲ್ಲಿ ವಾಪಸ್ ಬರ್ತಿದ್ದಾನೆ."

"ಅವನು ಪಾರ್ಟ್ಸ್ ಮಾರ್ತಾನಲ್ಲ, ಆನ್‌ಲೈನಲ್ಲಿ?" ಪಕ್ಕದ ಮೇಜಿನ ಹುಡುಗನೊಬ್ಬನ ತಾಯಿ ಮೆಲ್ಲಗೆ ಅಂದಳು. "ಹಳೇದು ತಗೊಂಡು ರಿಪೇರಿ ಮಾಡಿ..."

ಮಾತು ಅರ್ಧಕ್ಕೆ ನಿಂತಿತು. ಅಷ್ಟೇ ಸಾಕಾಗಿತ್ತು. ಒಬ್ಬನೇ ಇದ್ದ ರೂಮು, ಕೈಯಲ್ಲಿ ಸ್ಕ್ರೂಡ್ರೈವರ್, ಮಾರುವ ಅಭ್ಯಾಸ, ಮರುದಿನವೇ ಊರು ಬಿಟ್ಟು ಹೋದದ್ದು. ಹಾಲಿನಲ್ಲಿದ್ದವರ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು.

"ನೇ, ಇಲ್ಲ, ಕೆವಿನ್ ಅಲ್ಲ," ಎಂದಳು ಭೂಮಿ. "ಅವನು ಹಾಗೆ ಮಾಡಲ್ಲ."

"ಹಾಗಿದ್ರೆ ಪೊಲೀಸರಿಗೆ ಹೇಳೋಣ," ಎಂದ ನಂದಕುಮಾರ. "ಅವರೇ ಕಂಡುಹಿಡೀಲಿ."

"ಪೊಲೀಸು ಯಾಕೆ ನಂದಣ್ಣ?" ಪ್ರಜ್ಞೇಶ್ ಅವನ ಭುಜದ ಮೇಲೆ ಕೈಯಿಟ್ಟ. "ಓದೋ ಹುಡುಗ. ಕೇಸಾದ್ರೆ ಅವನ ಭವಿಷ್ಯ ಮುಗೀತು. ಬಿಟ್ಬಿಡಿ. ನನ್ನ ಮನೇಲಿ ಒಂದು ಕಾರ್ಡ್ ಬಿದ್ದಿದೆ, ಈಗ್ಲೇ ತರ್ತೀನಿ. ಭೂಮಿ ಆಡ್ಲಿ."

ಅವನು ಕಾರಿನ ಕೀಲಿಗೆ ಜೇಬಿಗೆ ಕೈಹಾಕಿದ. ಭೂಮಿಯ ಮುಖ ಅರಳಿತು.

"ಐದು ನಿಮಿಷ ಇರಿ ಪ್ರಜ್ಞೇಶ್," ಎಂದಳು ವೆನಿಸಾ. "ಕೆವಿನ್ ಆದ್ಮೇಲೆ ಮಷೀನು ಯಾರ ಹತ್ರ ಇತ್ತು?"

"ನನ್ನ ಹತ್ರಾನೇ. ನಿನ್ನೆ ಬೆಳಿಗ್ಗೆ ಟ್ರೈನ್ ಹತ್ತೋ ಮುಂಚೆ ನಮ್ಮನೇಲಿ ಇಟ್ಟು ಹೋದ. ನಂದಣ್ಣಂಗೆ ಕಾರಿಲ್ಲ. ಇವತ್ತು ನಾನೇ ತಂದು ವೈರೆಲ್ಲ ಹಾಕಿಟ್ಟೆ. ಮುಚ್ಚಿದ ಡಬ್ಬ, ಒಳಗೇನಿತ್ತೋ ನನಗೇನು ಗೊತ್ತು?"

"ಸರಿ. ಭೂಮಿ, ಬೆಳಿಗ್ಗೆ ಆನ್ ಮಾಡಿದಾಗ ಏನಾದ್ರೂ ಬೇರೆ ಥರ ಇತ್ತಾ?"

"ಏನಿಲ್ಲ. ನನ್ನದೇ ವಾಲ್‌ಪೇಪರ್, ನನ್ನದೇ ಗೇಮ್ಸ್. ಪಿನ್ ಮಾತ್ರ ತಗೊಳ್ಲಿಲ್ಲ."

"ಯಾವ ಪಿನ್?"

"ದಿನಾ ಹಾಕೋ ನಾಲ್ಕು ನಂಬರು. ಅದಾಗಲ್ಲ, ಪೂರ್ತಿ ಪಾಸ್‌ವರ್ಡ್ ಹಾಕು ಅಂತು. ಹಾಕಿದೆ, ಓಪನ್ ಆಯ್ತು."

"ಈಗ ಪರದೆ ಮೇಲೆ ಚಿತ್ರ ಬರ್ತಿದೆಯಲ್ಲ?"

ಎಲ್ಲರೂ ಪರದೆ ನೋಡಿದರು. ಭೂಮಿಯ ವಾಲ್‌ಪೇಪರಿನ ನಾಯಿಮರಿ ಎಂದಿನಂತೆ ನಾಲಗೆ ಚಾಚಿ ಕೂತಿತ್ತು.

"ಬರ್ತಿದೆ. ಅದರಲ್ಲೇನು?" ಎಂದ ನಂದಕುಮಾರ.

"ನಂದಣ್ಣ, ಪ್ರೊಸೆಸರ್ ಆರಿಸಿದ್ದು ಯಾರು?"

"ನಾನೇ. ಅದರಲ್ಲಿ ಎರಡು ಥರ ಬರುತ್ತೆ. ಒಂದಕ್ಕೆ ತಾನೇ ಚಿತ್ರ ತೋರಿಸೋ ಶಕ್ತಿ ಇರುತ್ತೆ. ಇನ್ನೊಂದಕ್ಕೆ ಇರಲ್ಲ, ಅದು ಅಗ್ಗ. ಹೇಗಿದ್ರೂ ಕಾರ್ಡ್ ಹಾಕ್ತೀವಲ್ಲ ಅಂತ ಅಗ್ಗದ್ದೇ ತಗೊಂಡೆ. ಕಾರ್ಡ್ ಇಲ್ದಿದ್ರೆ ಪರದೆ ಕಪ್ಪಗೇ..."

ಅವನು ತಟ್ಟನೆ ಪರದೆಯತ್ತ ತಿರುಗಿದ.

"ಕಪ್ಪಗೇ ಇರಬೇಕಿತ್ತು," ಎಂದಳು ವೆನಿಸಾ. "ಕಾರ್ಡ್ ಇಲ್ಲ, ಆದ್ರೂ ಚಿತ್ರ ಇದೆ. ಯಾಕೆ?"

ಅವಳು ಕೆವಿನ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ರೈಲಿನ ಸದ್ದು, ಅದರ ನಡುವೆ ಹುಡುಗನ ದನಿ.

"ಕೆವಿನ್, ಭೂಮಿಯ ಮಷೀನಿಗೆ ನೀನು ಬೇರೆ ಪ್ರೊಸೆಸರ್ ಏನಾದ್ರೂ ಹಾಕಿದ್ಯಾ?"

"ಇಲ್ಲಕ್ಕ. ಧೂಳು ಹೊಡೆದು, ಒಂದು ಗೇಮ್ ಓಡಿಸಿ ನೋಡಿ ಹಾಗೇ ಮುಚ್ಚಿದೆ. ಯಾಕೆ? ಏನಾಯ್ತು?"

"ಆಮೇಲೆ ಹೇಳ್ತೀನಿ." ಅವಳು ಫೋನಿಟ್ಟಳು.

"ಅವನು ಹೌದು ಅಂತಾನಾ?" ಪ್ರಜ್ಞೇಶ್ ನಕ್ಕ. "ವೆನಿಸಾ ಮೇಡಂ, ಹೊತ್ತಾಗ್ತಿದೆ. ನಾನು ಕಾರ್ಡ್ ತರ್ತೀನಿ."

ಅಷ್ಟರಲ್ಲಿ ಅವನ ಹೆಂಡತಿ ವಿನೀತಾ ಫೀಕಾಗೆಂದು, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆಂದು, ದಾಲ್ಚಿನ್ನಿ ಬನ್ನುಗಳ ತಟ್ಟೆ ಹಿಡಿದು ಬಂದಳು. ಅಡುಗೆಮನೆಯಲ್ಲಿದ್ದ ಅವಳಿಗೆ ಈ ಗಲಾಟೆ ತಿಳಿದಿರಲಿಲ್ಲ.

ವೆನಿಸಾ ಬನ್ನು ತೆಗೆದುಕೊಂಡು ಸಹಜವಾಗಿ ಕೇಳಿದಳು. "ವಿನೀತಾ, ಇಂಥ ಕಪ್ಪು ಡಬ್ಬ ಇಲ್ಲಿ ಬೇರೆ ಯಾರ ಹತ್ರ ಇದೆ ಗೊತ್ತಾ? ಎಲ್ಲ ಕಡೆ ಗಾಜು, ದೀಪ. ಇದೊಂದೇ ಸಾದಾ."

"ನಮ್ಮನೇಲೂ ಇದೆಯಲ್ಲ, ಸೇಮ್ ಇದೇ," ಎಂದಳು ವಿನೀತಾ. "ನನ್ನ ಆಫೀಸ್ ಕೆಲಸಕ್ಕೆ ಅಂತ ಇವ್ರು ಮಾಡ್ಕೊಟ್ರು. ನಂದಣ್ಣ ತಗೊಂಡಿದ್ದೇ ಚೆನ್ನಾಗಿದೆ ಅಂತ. ಯಾರಿಗೂ ಹೇಳ್ಬೇಡ ಅಂದ್ರು, ಯಾಕೋ."

"ಈಗ ಅದು ಮನೇಲಿದೆಯಾ?"

"ಇದೆ. ನಿನ್ನೆ ಸಂಜೆ ಧೂಳು ತೆಗೀತೀನಿ ಅಂತ ಇವ್ರು ಗ್ಯಾರೇಜಿಗೆ ತಗೊಂಡು ಹೋದ್ರು. ಇನ್ನೂ ವಾಪಸ್ ತಂದಿಲ್ಲ."

ವಿನೀತಾ ತಟ್ಟೆ ಹಿಡಿದೇ ಗಂಡನ ಕಡೆ ತಿರುಗಿದಳು. ಪ್ರಜ್ಞೇಶನ ಕೈಯಲ್ಲಿ ಕೀಲಿ ಇತ್ತು. ಅವನು ಅದನ್ನೇ ನೋಡುತ್ತಿದ್ದ.

"ನಾವೆಲ್ಲ ಹುಡುಕ್ತಿದ್ದದ್ದು ಕಾರ್ಡ್ ಕದ್ದವರನ್ನ," ವೆನಿಸಾ ನಿಧಾನವಾಗಿ ಹೇಳಿದಳು. "ಈ ಡಬ್ಬದಿಂದ ಯಾರೂ ಕಾರ್ಡ್ ಕದ್ದಿಲ್ಲ. ಇದರಲ್ಲಿ ಕಾರ್ಡ್ ಇರಲೇ ಇಲ್ಲ. ಇದು ಭೂಮಿಯ ಮಷೀನೇ ಅಲ್ಲ, ವಿನೀತಾದು. ತಾನೇ ಚಿತ್ರ ತೋರಿಸೋ ಪ್ರೊಸೆಸರ್ ಇರೋದು."

"ಆದ್ರೆ ನನ್ನ ಗೇಮ್ಸ್? ನನ್ನ ನಾಯಿಮರಿ?"

"ಅವು ಡಿಸ್ಕಿನಲ್ಲಿರುತ್ತವೆ. ಡಿಸ್ಕ್ ಬಿಚ್ಚಿ ಬೇರೆ ಡಬ್ಬಕ್ಕೆ ಹಾಕಿದ್ರೆ ಎಲ್ಲ ಜೊತೆಗೇ ಬರುತ್ತೆ. ಪಿನ್ ಮಾತ್ರ ಬರಲ್ಲ. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಬೋರ್ಡ್ ಬದಲಾದ್ರೆ ಕೆಲಸ ಮಾಡಲ್ಲ. ಬೆಳಿಗ್ಗೆಯೇ ಮಷೀನು ನಿನಗೆ ಹೇಳ್ತು, ನಾನು ನಿನ್ನವನಲ್ಲ ಅಂತ. ಪರದೆಯೂ ಅದನ್ನೇ ಹೇಳ್ತಿತ್ತು. ನಾವು ಖಾಲಿ ಜಾಗ ನೋಡ್ತಾ ಕೂತ್ವಿ, ಬೆಳಗಿದ್ದ ಪರದೆ ನೋಡ್ಲಿಲ್ಲ."

"ಒಳಗಿನ ಬೋರ್ಡೇ ಬೇರೆ ಅಂತ ನಮಗೆ ಗೊತ್ತಾಗ್ಲಿಲ್ವಲ್ಲ," ಎಂದ ನಂದಕುಮಾರ.

"ನೀವು ಅಂಗಡಿಯ ಫೋಟೋ ನೋಡಿ ಆರಿಸಿದವರು. ಕೈಯಾರೆ ಜೋಡಿಸಿದವನು ಕೆವಿನ್. ಒಂದು ಫೋಟೋ ಕಳಿಸಿದ್ರೆ ಕ್ಷಣದಲ್ಲಿ ಹೇಳ್ತಿದ್ದ. ಆದ್ರೆ ಅವನೇ ಕಳ್ಳ ಅಂದ್ಕೊಂಡ್ಮೇಲೆ ಅವನನ್ನ ಯಾರು ಕೇಳ್ತಾರೆ?" ಅವಳು ಪ್ರಜ್ಞೇಶನ ಕಡೆ ತಿರುಗಿದಳು. "ತರ್ತೀನಿ ಅಂದ್ರಲ್ಲ, ಆ ಕಾರ್ಡ್ ಭೂಮಿಯದ್ದೇ ಅಲ್ವಾ?"

ಪ್ರಜ್ಞೇಶ್ ಕುರ್ಚಿ ಎಳೆದುಕೊಂಡು ಕುಳಿತ.

"ಕದಿಯೋ ಯೋಚನೆ ಇರ್ಲಿಲ್ಲ," ಎಂದ. "ಸಂಜೆಗೆ ವಾಪಸ್ ಬದಲಾಯಿಸ್ತಿದ್ದೆ. ಈ ಹಾಲಿನಲ್ಲಿರೋ ಅರ್ಧ ಮಷೀನು ನಾನು ಹೇಳಿ ತಗೊಂಡಿದ್ದು. ಎಲ್ರೂ ಕೈತುಂಬಾ ಖರ್ಚು ಮಾಡಿದ್ರು. ನಂದಣ್ಣನ ಡಬ್ಬ ಅವಕ್ಕೆ ಸಮವಾಗಿ ಓಡ್ತು. ಆಮೇಲೆ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ. ನಮ್ಮ ಕೈಲಿ ಯಾಕೆ ಅಷ್ಟು ಖರ್ಚು ಮಾಡಿಸಿದೆ? ನಗ್ತಾನೇ ಕೇಳೋರು. ನನ್ನ ಫೋನಿಗೆ ಕರೆ ಬರೋದೇ ನಿಂತುಹೋಯ್ತು. ಒಂದು ಮ್ಯಾಚಲ್ಲಿ ತಡವರಿಸಲಿ, ನಾನು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಾಗ್ಲಿ ಅಂದ್ಕೊಂಡೆ. ಭೂಮಿ ಬಿಚ್ಚಿ ನೋಡ್ತಾಳೆ ಅನ್ಕೊಂಡಿರ್ಲಿಲ್ಲ."

"ಅನುಮಾನ ಕೆವಿನ್ ಮೇಲೆ ಬಂದಾಗ?" ಎಂದು ನಂದಕುಮಾರ ಕೇಳಿದ. ಅವನ ದನಿ ಗಟ್ಟಿಯಾಗಿತ್ತು.

ಪ್ರಜ್ಞೇಶ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ವಿನೀತಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಕೆವಿನ್‌ಗೆ ಫೋನ್ ಮಾಡಿ. ಇಲ್ಲೇ, ಎಲ್ಲರ ಎದುರಿಗೆ."

ಅವನು ಮಾಡಿದ. ಹೇಳಬೇಕಾದ್ದನ್ನು ಏನನ್ನೂ ಬಚ್ಚಿಡದೆ ಹೇಳಿದ.

"ಅಲ್ಲಿ ಎಲ್ರೂ ನಾನೇ ಅಂದ್ಕೊಂಡ್ರಾ?" ಎಂದ ಕೆವಿನ್.

"ನಾನಲ್ಲ," ಎಂದು ಭೂಮಿ ಫೋನಿನ ಹತ್ತಿರ ಬಾಗಿ ಹೇಳಿದಳು.

"ನೀನು ಆಡ್ತೀಯಾ ಇವತ್ತು?"

"ಮಷೀನ್ ಬಂದ್ರೆ ಆಡ್ತೀನಿ."

"ಹಾಗಾದ್ರೆ ಮೊದ್ಲು ಮಷೀನ್ ತರ್ಸಿ. ನನ್ನ ಮಾತು ಆಮೇಲೆ."

ವೆನಿಸಾ ಪ್ರಜ್ಞೇಶನ ಜೊತೆ ಕಾರು ಹತ್ತಿದಳು. ಗ್ಯಾರೇಜಿನ ಮೂಲೆಯಲ್ಲಿ ಕಂಬಳಿ ಹೊದಿಸಿಟ್ಟಿದ್ದ ಕ್ಯಾಬಿನೆಟ್ಟನ್ನು ಇಬ್ಬರೂ ಹೊತ್ತು ತಂದರು. ಡಿಸ್ಕನ್ನು ಮತ್ತೆ ಅದಕ್ಕೆ ಹಾಕುವಾಗ ಹಾಲಿನ ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು. ಭೂಮಿ ನಾಲ್ಕು ನಂಬರು ಒತ್ತಿದಳು. ಕಂಪ್ಯೂಟರ್ ಮರುಮಾತಿಲ್ಲದೆ ತೆರೆದುಕೊಂಡಿತು.

ಪಂದ್ಯ ಶುರುವಾಯಿತು. ಮೊದಲ ಸುತ್ತು ಸೋತರು. ಎರಡನೆಯದರಲ್ಲಿ ಭೂಮಿಯ ಬೆರಳುಗಳು ಬಿಸಿಯೇರಿದವು. ಅವಳು ಸ್ವೀಡಿಷಿನಲ್ಲಿ ಕೂಗಿ ಕೂಗಿ ತಂಡವನ್ನು ಓಡಿಸಿದಳು. ಪರದೆಯ ಮೇಲೆ ಹೊಗೆ, ಬೆಂಕಿ, ಓಡುವ ನೆರಳುಗಳು, ಒಂದೂ ತಡವರಿಸಲಿಲ್ಲ. ಆ ಸುತ್ತು ಅವರದಾಯಿತು. ನಂದಕುಮಾರನಿಗೆ ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಕುರ್ಚಿಯ ಅಂಚಿಗೆ ಸರಿದಿದ್ದ.

ಕೊನೆಯ ಸುತ್ತಿನ ನಡುವೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಕೆವಿನ್ ಬಾಗಿಲಲ್ಲಿ ಕಾಣಿಸಿದ. ಹಿಂದಿನ ಗೋಡೆಗೊರಗಿ ನಿಂತಿದ್ದ ಪ್ರಜ್ಞೇಶ್ ಮುಂದೆ ಹೋಗಿ ಏನೋ ಹೇಳಿದ, ಕೈ ಚಾಚಿದ. ಕೆವಿನ್ ಕೈ ಕೊಡಲಿಲ್ಲ. ನೇರ ಬಂದು ಭೂಮಿಯ ಹಿಂದೆ ಕುಳಿತ, ಬ್ಯಾಗನ್ನು ಪಕ್ಕದ ಕುರ್ಚಿಯ ಮೇಲಿಟ್ಟ, ಪರದೆಯಲ್ಲಿ ಕಣ್ಣು ನೆಟ್ಟ.

ಉಳಿದದ್ದು ಭೂಮಿ ಒಬ್ಬಳೇ, ಎದುರಾಳಿಗಳು ಇಬ್ಬರು. ಒಬ್ಬ ಬಿದ್ದ. ಇನ್ನೊಬ್ಬ ಗೋಡೆಯ ಹಿಂದಿನಿಂದ ತಲೆ ಹೊರಹಾಕಿದ್ದೇ ತಡ, ಭೂಮಿಯ ಗುಂಡು ಹಾರಿತು. ತಂಡದವರೆಲ್ಲ ಒಟ್ಟಿಗೆ ಎದ್ದು ಕೂಗಿದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಯೋನ್‌ಶೋಪಿಂಗ್‌ಗೆ ಹೋಗುವುದು ಖಾತ್ರಿಯಾಯಿತು.

ಕೆವಿನ್ ಹಿಂದೆ ತಿರುಗಿ ನೋಡಿದ. ಪ್ರಜ್ಞೇಶ್ ಇನ್ನೂ ನಿಂತೇ ಇದ್ದ. ಎಲ್ಲರ ಜೊತೆ ಚಪ್ಪಾಳೆ ತಟ್ಟಬಹುದೋ ಬಾರದೋ ತಿಳಿಯದೆ ಎರಡೂ ಕೈ ಎದೆಯ ಮಟ್ಟದಲ್ಲೇ ಹಿಡಿದಿದ್ದ.

ಕೆವಿನ್ ಪಕ್ಕದ ಕುರ್ಚಿಯ ಮೇಲಿನ ಬ್ಯಾಗನ್ನೆತ್ತಿ ಕೆಳಗಿಟ್ಟ.