ನೆಲೆಗನ್ನಡಿಯಲ್ಲಿ ಬೆಲ್ಲದ ಬಾವಿ

ಆಸ್ಪತ್ರೆಯ ಗೋಡೆಯ ಮೇಲೆ ನೆಲೆಗನ್ನಡಿ ಎಂಬ ಯಂತ್ರ ಬೆಳಗುತ್ತಿತ್ತು. ರೋಗಿ ಅದರ ಮೇಲೆ ಅಂಗೈ ಇಟ್ಟರೆ ಸಾಕು, ರೋಗ ಯಾವುದೆಂದು ತಿಳಿದು, ಪರದೆಯ ನಕ್ಷೆಯಲ್ಲಿ ಅವನ ಮನೆಯಿರುವ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಮೂಡುತ್ತಿತ್ತು. ಚುಕ್ಕಿಗಳು ಎಲ್ಲಿ ದಟ್ಟವೋ ಅಲ್ಲೇ ರೋಗದ ಮೂಲ. ಒಡೆದ ನೀರಿನ ಪೈಪು ಹುಡುಕಲು ಅದಕ್ಕೆ ಅರ್ಧ ದಿನ ಹೆಚ್ಚು. ಆದರೆ ಈ ಸಲ ಯಂತ್ರವೂ ಕೈಚೆಲ್ಲಿ ಕೂತಿತ್ತು. ನಲವತ್ತೊಂದು ಜನಕ್ಕೆ ಕಾಮಾಲೆ. ಚುಕ್ಕಿಗಳೋ, ಪುನರ್ವಸತಿ ಊರಿನ ಐದೂ ಸೆಕ್ಟರುಗಳಲ್ಲಿ ಅಲ್ಲೊಂದು ಇಲ್ಲೊಂದು.

"ನಲ್ಲಿ ನೀರು ಎರಡು ಸಲ ಪರೀಕ್ಷೆ ಮಾಡಿಸೇನಿ ಅಕ್ಕಾರ. ಏನೂ ದೋಷ ಇಲ್ಲ," ಎಂದು ಯಂತ್ರವನ್ನು ರೂಪಿಸಿದ ಡಾ. ತಸ್ನೀಮ್ ಮುಲ್ಲಾ, ನೆರವಿಗೆ ಕರೆಸಿದ್ದ ನೀಲವ್ವನಿಗೆ ಹೇಳಿದರು. "ಇಬ್ಬರು ಬಸುರಿಯರು ಜೀವ ಕೈಯಾಗ ಹಿಡಕೊಂಡು ಮಲಗ್ಯಾರ. ಬಸುರಿಯರಿಗೆ ಈ ಕಾಮಾಲೆ ಬಂದ್ರ ಜೀವಕ್ಕ ಕುತ್ತು. ನಿಮ್ಮ ಸೊಸಿ ಶೈಲಾನ್ನ ಜ್ವಾಕಿ ಮಾಡ್ರಿ."

ಶೈಲಾಳಿಗೆ ಏಳು ತಿಂಗಳು, ನಾಳೆಯೇ ಕುಬಸ, ಸೀಮಂತದ ಶಾಸ್ತ್ರ. ಮೂಲ ಸಿಗದಿದ್ದರೆ ಯಾವ ನೀರು ಕುಡಿಸುವುದು, ಯಾವುದು ಬಿಡುವುದು?

ನೀಲವ್ವ ನಿವೃತ್ತ ನರ್ಸು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ತುಂಬರಗಿಯಲ್ಲಿ ಹತ್ತೊಂಬತ್ತು ವರ್ಷ ಮನೆಮನೆ ಅಲೆದವಳು. ಪ್ರತಿ ಬಾಗಿಲ ಮೇಲೂ ಕೆಮ್ಮಣ್ಣಿನಲ್ಲಿ ನಂಬರು ಬರೆದು, ಜ್ವರ ಬಂದವರ ಮನೆಗೆ ಒಂದು ಗೀಟು ಎಳೆಯುತ್ತಿದ್ದಳು. ಊರು ಹೋಗಿ ಇಪ್ಪತ್ತೆರಡು ವರ್ಷವಾದರೂ ಆ ಬಾಗಿಲುಗಳು ಅವಳ ಕಣ್ಣಲ್ಲಿ ಮುಚ್ಚಿರಲಿಲ್ಲ. ಈ ಬೇಸಿಗೆ ನೀರು ಇಳಿದು ಅವಳ ಓಣಿಯ ಬೆಲ್ಲದ ಬಾವಿ ಮತ್ತೆ ತಲೆಯೆತ್ತಿದಾಗ ಓಣಿಯವರೆಲ್ಲ ಭಾನುವಾರ ಭಾನುವಾರ ಕೊಡ ಹೊತ್ತು ಓಡಿದರು. ಅಯ್ಯೋ, ಆ ನೀರಿನ ರುಚಿ! ಅತ್ತೆ ಹೊಗಳುವುದನ್ನು ಕೇಳಿ ಕೇಳಿ ಶೈಲಾಳಿಗೆ ಆ ನೀರಿನದೇ ಬಯಕೆ. ಮೊನ್ನೆ ನೀಲವ್ವ ತಾನೂ ಬೊಗಸೆ ಕುಡಿದು, ಒಂದು ತಂಬಿಗೆ ತುಂಬಿ ತಂದು, ಕುಬಸದ ದಿನ ಕೊಡಲೆಂದು ಬಟ್ಟೆ ಕಟ್ಟಿಟ್ಟಿದ್ದಳು.

"ರೋಗಿಗಳ ಹೆಸರು ಓದ್ರಿ ನೋಡೂಣ," ಎಂದಳು.

"ಕಲ್ಲಪ್ಪ ಹುಗ್ಗಿ. ದಾವಲಬಿ ನದಾಫ. ಸಿದ್ರಾಮಪ್ಪ ಕಟಗೇರಿ..."

"ತಡೀರಿ ಡಾಕ್ಟರ ಬಾಯಾರ! ಇವ್ರೆಲ್ಲಾ ನಮ್ಮ ಓಣ್ಯಾವ್ರು! ಪ್ಲಾಟ್ ಹಂಚುವಾಗ ಚೀಟಿ ಎತ್ತಿ ದಿಕ್ಕಿಗೊಬ್ಬರನ್ನ ಚೆಲ್ಲಿದ್ರಲ್ಲ? ನಿಮ್ಮ ಯಂತ್ರಕ್ಕ ಅದೇನ್ ತಿಳೀತೈತಿ, ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ!"

ಡಾಕ್ಟರರು ನಕ್ಕು, ಮುಳುಗಿದ ಊರಿನ ಹಳೆಯ ನಕ್ಷೆಯನ್ನು ತೆರೆದರು. ನೀಲವ್ವ ಒಂದೊಂದೇ ಮನೆ ತೋರಿಸಿದಳು: ಹುಗ್ಗಿಯವರದು ಹನ್ನೆರಡು, ಬೇವಿನ ಮರದ ಪಕ್ಕ, ದಾವಲಬಿಯದು ಹದಿನಾಲ್ಕು, ಕಟ್ಟೆಯ ಮೇಲೆ ಸದಾ ಗಾದಿ ಹೊಲಿಯುವ ಗಂಡ. ಅವಳು ಹೇಳಿದ ಹಾಗೆಲ್ಲ ಚದುರಿದ್ದ ಚುಕ್ಕಿಗಳು ಒಂದೊಂದಾಗಿ ಸರಿದು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಒಂದೇ ಕಡೆ ಸೇರಿದವು.

"ನಡುವ ಏನೈತಿ ಅಕ್ಕಾರ?"

ಹೇಳಿದರೆ ಬಾವಿಯನ್ನು ಮುಚ್ಚುತ್ತಾರೆ. ಊರಿನದೆಂದು ಉಳಿದಿರುವುದು ಅದೊಂದೇ.

"ನಮ್ಮ ಬಾವಿ," ಎಂದವಳೇ ಮನೆಗೆ ಓಡಿದಳು.

ತಂಬಿಗೆಯ ಬಟ್ಟೆ ಬಿಚ್ಚಿತ್ತು. ಶೈಲಾ ಲೋಟ ಹಿಡಿದು ಕೂತಿದ್ದಳು. "ಅತ್ತಿ, ನಾಳೀತನಕ ತಡೀಲಿಕ್ಕೆ ಆಗಲಿಲ್ಲ..."

"ಕುಡದೇನು?"

"ಇಲ್ಲರಿ, ಈಗ ಬಗ್ಗಿಸಿಕೊಂಡೆ."

ನೀಲವ್ವ ಲೋಟ ಕಸಿದು ನೀರನ್ನು ಬಚ್ಚಲಿಗೆ ಸುರಿದಳು. ಆಮೇಲೆ ಸೊಸೆಯನ್ನು ತಬ್ಬಿಕೊಂಡು ಹೋ ಎಂದು ಅತ್ತಳು.

ವಾರದೊಳಗೆ ಬಾವಿಯನ್ನು ಮಣ್ಣು ಹಾಕಿ ಮುಚ್ಚಿದರು. ಮುಂದಿನ ತಿಂಗಳು ನೀಲವ್ವನಿಗೂ ಕಾಮಾಲೆ ಬಂತು. ಅಷ್ಟರಲ್ಲಿ ಡಾಕ್ಟರರು ಹಳೆಯ ನಕ್ಷೆಯನ್ನೂ ಯಂತ್ರಕ್ಕೆ ಸೇರಿಸಿದ್ದರು; ಪರದೆಯಲ್ಲಿ ಅವಳ ಚುಕ್ಕಿ ಹಳೆಯ ಮನೆಯಲ್ಲೇ ಮೂಡಿದ್ದು ಕಂಡು ಕಾಯಿಲೆಯಲ್ಲೂ ಹಿಗ್ಗಿದಳು. ಅಂದಿನಿಂದ ನೆಲೆಗನ್ನಡಿ ಎಲ್ಲರಿಗೂ ಎರಡು ಪ್ರಶ್ನೆ ಕೇಳತೊಡಗಿತು: ಈಗಿನ ಮನೆ ಯಾವುದು, ಮೊದಲಿನದು ಯಾವುದು. ಡಾಕ್ಟರರು ಎಣಿಸದೇ ಇದ್ದುದು ಇದು: ಗಟ್ಟಿಮುಟ್ಟಾಗಿದ್ದವರೂ ಸರತಿಯಲ್ಲಿ ನಿಲ್ಲತೊಡಗಿದರು. "ಏನಾಗೈತಿ?" ಎಂದರೆ, "ಏನಿಲ್ರಿ, ನಮ್ಮ ಮನಿ ಒಮ್ಮಿ ನೋಡಿ ಹೋಗೂಣಂತ."

ಹೆರಿಗೆಗೆ ತವರಿಗೆ ಹೋಗಿದ್ದ ಶೈಲಾ ಮರಳಿದ ಮೇಲೆ ನೀಲವ್ವ ಮೊಮ್ಮಗಳನ್ನು ಲಸಿಕೆಗೆ ಎತ್ತಿ ತಂದಳು. ಕೂಸಿನ ಪುಟ್ಟ ಅಂಗೈಯನ್ನು ಗಾಜಿನ ಮೇಲಿಟ್ಟಳು.

"ಈಗಿನ ಮನೆ?" ಎಂದಿತು ಯಂತ್ರ.

"ಸೆಕ್ಟರ್ ಎರಡು, ಪ್ಲಾಟ್ ಎಂಬತ್ತೊಂದು."

"ಮೊದಲಿನ ಮನೆ?"

ತುಂಬರಗಿ ಎಂದು ನಾಲಗೆಯ ತುದಿಗೆ ಬಂದಿತ್ತು. ನೀಲವ್ವ ಕೂಸಿನ ಮುಖ ನೋಡಿದಳು.

"ಇಲ್ಲಪ್ಪ," ಎಂದಳು. "ಇಕೀದು ಇದೇ ಊರು."