ದಿನಾಂಕ ಕೊಡದ ತಿಥಿ

2005ರ ಜೂನ್ 14, ಮಧ್ಯಾಹ್ನ ಎರಡೂಕಾಲು. ಹೊಳೆನರಸೀಪುರದ ಪುರೋಹಿತ ಸಂಪತ್ಕುಮಾರರ ಕಂಪ್ಯೂಟರಿನಲ್ಲಿ ನಾನು ವೆಬ್ ಸರ್ವರ್ ಹಾಕಿ, ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟವೊಂದು ಓಡುವಂತೆ ಮಾಡಿದೆ. ಹೆಸರು, ಸತ್ತ ದಿನಾಂಕ ತುಂಬಿದರೆ ಶ್ರಾದ್ಧದ ತಿಥಿ ತೋರಿಸುವ ಪುಟ ಅದು.

ಅವರ ಅಕ್ಕ ಗೋದಮ್ಮ ಬಂದು ಕುಳಿತರು. ಗೋದಮ್ಮನವರ ಮಗ ಕೇದಾರ್ ಕಾಣೆಯಾಗಿ ಎರಡು ವರ್ಷವಾಗಿತ್ತು.

“ಕೇದಾರನ ಹೆಸರು ಹಾಕೋ, ತಾರೀಖು ಬಿಟ್ಬಿಡು. ಬದುಕಿರೋನಿಗೆ ಅದ್ಯಾವ ತಿಥಿ ಕೊಡುತ್ತೋ ನಿನ್ ಪೆಟ್ಟಿಗೆ, ನೋಡೇಬಿಡ್ತೀನಿ.”

“ಕೊಡಲ್ಲ ಗೋದಮ್ನೋರೆ, ತಾರೀಖೆಲ್ಲಿ ಅಂತ ನನ್ನೇ ಬೈಯುತ್ತೆ,” ಎಂದು ನಕ್ಕು, ಹೆಸರಷ್ಟೇ ತುಂಬಿ ಗುಂಡಿ ಒತ್ತಿದೆ.

‘ಶ್ರಾವಣ ಬಹುಳ ಷಷ್ಠಿ’ ಎಂದು ಬಂತು.

ಪುಟವನ್ನೇ ಅಳಿಸಿದೆ, ಸರ್ವರ್ ನಿಲ್ಲಿಸಿದೆ. ಮತ್ತೆ ತೆರೆದರೂ ಅದೇ ಸಾಲು. ಕೀಲಿಗಳು ಬಾವಿಯ ಕಲ್ಲಿನಂತೆ ತಣ್ಣಗಿದ್ದವು. ಗೋದಮ್ಮ ಎದ್ದು ಹೋದರು.

ಕೇದಾರನ ಸುದ್ದಿ ಇವತ್ತಿಗೂ ಇಲ್ಲ. ಪ್ರತಿವರ್ಷ ಆ ಷಷ್ಠಿಯಂದು ಗೋದಮ್ಮ ತಮ್ಮನ ಕೈಯಲ್ಲಿ ಮಗನಿಗೆ ಎಳ್ಳುನೀರು ಬಿಡಿಸುತ್ತಾರೆ.